ನಲ್ಲಿ ಮೇಲಿನ ಡಬ್ಬ

ಲಷ್ಕರ್ ಮೊಹಲ್ಲಾದ ನಮ್ಮ ವಠಾರಕ್ಕೆ
ಏಳು ಬಾಗಿಲು, ಒಂದು ನಲ್ಲಿ.
ನಲ್ಲಿಯ ನೆತ್ತಿಗೆ, ಮೀಟರ್ ಬೋರ್ಡಿನ ಪಕ್ಕ,
ಇರಚಲು ಹೊಡೆಯದಿರಲೆಂದು
ಐಸ್‌ಕ್ರೀಮ್ ಡಬ್ಬದ ಟೋಪಿ ಹಾಕಿ
ಮೊಳೆಗೆ ನೇತುಬಿಟ್ಟಿದ್ದೇವೆ ವೈಫೈ.

ಲಾಕ್‌ಡೌನಿನ ವರ್ಷ ಬಂದದ್ದು, ಮಕ್ಕಳ ಪಾಠಕ್ಕೆ ಅಂತ.
ಹೆಸರಿಡುವಾಗ ಜಗಳವಾಗಲಿಲ್ಲ: ನಲ್ಲಿಕಟ್ಟೆ.
ಪಾಸ್‌ವರ್ಡಿಗೆ ಆಯಿತು.
ಕೊನೆಗೆ ದಾಕ್ಷಾಯಣಿ ಸಿಟ್ಟಿನಲ್ಲಿ ಅಂದದ್ದೇ ನಿಂತಿತು,
ತಲೆಗೊಂದುಕೊಡ,
ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ.

ಲೆಕ್ಕದ ಪುಸ್ತಕ ನನ್ನದು.
ಏಳುನೂರ ಏಳು ರೂಪಾಯಿ, ಏಳು ಮನೆ,
ತಲಾ ನೂರ ಒಂದು, ಮುಯ್ಯಿಯ ಹಾಗೆ.
ನೀರಿಗಿದ್ದ ಜಗಳವೆಲ್ಲ ಇದಕ್ಕೂ ಇಳಿದು ಬಂತು:
ಯಾರ ಮನೆಯಲ್ಲಿ ಜಾಸ್ತಿ ಎಳೀತಾರೆ,
ಮೇಷ್ಟ್ರು ರಾತ್ರಿ ಎರಡಕ್ಕೂ ಯಾಕೆ ಎದ್ದಿರುತ್ತಾರೆ,
ಜೋಸೆಫಿನ್ ಅಣ್ಣನ ಮಕ್ಕಳು ರಜಕ್ಕೆ ಬಂದರೆ
ನಮಗೆ ತೊಟ್ಟೂ ಸಿಗದು.

ಆಮೇಲೆ ಎದುರು ಲಾಡ್ಜಿನ ತಾರಸಿಗೆ ಫೈವ್ ಜಿ ಬಂತು.
ಒಬ್ಬೊಬ್ಬರ ಜೇಬಿಗೂ ಒಂದೊಂದು ಬೋರ್‌ವೆಲ್.
ಮೊದಲು ಮುನೀರಾ ಕೈಬಿಟ್ಟಳು, ಕಸಿವಿಸಿಯಿಂದ,
ನೂರ ಒಂದರ ಬದಲು ಒಂದು ಬಟ್ಟಲು ಶೀರ್ ಖುರ್ಮಾ ಕೊಟ್ಟು.
ಪರಶಿವಯ್ಯ ಹೇಳಲೇ ಇಲ್ಲ, ಕೇಳಿದರೆ ಫೋನ್ ತೋರಿಸಿದ:
'ಅನ್‌ಲಿಮಿಟೆಡ್ಡು ಕಣಕ್ಕ, ಇನ್ನು ಆ ಡಬ್ಬ ಯಾಕೆ?'
ಮೇಷ್ಟ್ರು ಕಾಗದ ಬರೆದು ತಿಳಿಸಿದರು.

ಏಳು ಹೆಸರಿನ ಮುಂದೆ ಈಗ ಎರಡೇ ಟಿಕ್ಕು,
ನಾನು, ಜೋಸೆಫಿನ್.
ಅವಳದು ಹಿಂದಿನ ಕೋಣೆ,
ಎರಡಡಿ ದಪ್ಪದ ಗಾರೆ ಗೋಡೆ.
ಲಾಡ್ಜಿನಿಂದ ಅಷ್ಟು ಜೋರಾಗಿ ಹಾರಿ ಬಂದದ್ದು
ಅದಕ್ಕೆ ಹಣೆ ಚಚ್ಚಿಕೊಂಡು ವಾಪಸ್ಸು.
ಕುವೈತಿನ ಗಂಡ ರಾತ್ರಿ ಹನ್ನೊಂದಕ್ಕೆ ಮಾತಾಡುವುದು
ಆ ಕೋಣೆಯ ಮಂಚದ ಮೇಲೆ;
ಬಾಗಿಲಿಗೆ ಬಂದು ನಿಂತು ಆಡುವ ಮಾತಲ್ಲ ಅವು.

ಆದರೂ ಮುನ್ನೂರ ಐವತ್ಮೂರೂವರೆ. ಇಬ್ಬರಿಗೂ ಭಾರ.
ಕಿತ್ತುಬಿಡೋಣ ಅಂತಲೇ ಮೊನ್ನೆ ಹುಡುಗನನ್ನು ಕರೆಸಿದ್ದು.

ಯೋಗಾನಂದ ಅಂತ, ಕೆಸರೆಯವನು.
ಏಣಿಯ ಮೇಲೆ ನಿಂತೇ ಭವಿಷ್ಯ ಹೇಳಿದ:
ವೈಫೈಗೂ ಏಳನೇದು ಬಂದಿದೆಯಂತೆ,
ಟವರಿನದು ಆರಕ್ಕೆ ಹೋಗುತ್ತದಂತೆ,
ಮುಂದೆ ಅವೆರಡೂ ಓರಗಿತ್ತಿಯರ ಹಾಗಂತೆ,
ಹೊಸಿಲಾಚೆ ಒಬ್ಬಳು, ಈಚೆ ಒಬ್ಬಳು,
ಕೂಸು ಕೈಯಿಂದ ಕೈಗೆ,
ಯಾರ ಸೊಂಟದ ಮೇಲಿದ್ದೇನೆಂದು ಕೂಸಿಗೇ ತಿಳಿಯದು.
'ಹಂಗಾದ್ರೆ ಬಿಲ್ಲು ಯಾರ ಹೆಸರಿಗಪ್ಪ?' ಅಂದೆ.
ಅದನ್ನವನು ಕಂಪನಿಯಲ್ಲಿ ಕೇಳಿಲ್ಲ.

ಕೀಳುವ ಮುಂಚೆ ಒಂದ್ಸಲ ಅಂತ
ಡಬ್ಬದ ಹೊಟ್ಟೆ ತೆರೆದು ತನ್ನ ಫೋನಿನಲ್ಲಿ ತೋರಿಸಿದ.
'ಇಬ್ರೇ ಅಂದ್ರಲ್ಲ ಮೇಡಂ, ಹತ್ತೊಂಬತ್ತು ಕೂತಿವೆ ಇಲ್ಲಿ.'

ಮುನೀರಾ. ಮುನೀರಾ ಟೀವಿ.
ಪರಶಿವಯ್ಯ ಹೊಸದು.
ದಾಕ್ಷಾಯಣಿಯ ಮೂರೂ ಹೆಣ್ಣುಮಕ್ಕಳು.
ಹುಲಿ 007 ಅಂತೊಂದು, ರಾತ್ರಿ ಎರಡರ ತನಕ
(ಮೇಷ್ಟ್ರೇ ಇರಬೇಕು).

ಯಾರೂ ಕದ್ದದ್ದಲ್ಲ ಅಂದ ಹುಡುಗ.
ಮನುಷ್ಯ ಬಿಟ್ಟರೂ ಫೋನ್ ಬಿಡುವುದಿಲ್ಲ,
ಒಂದು ಸಲ ಉಂಡ ಮನೆಯ ಗುರುತು ಅದಕ್ಕಿರುತ್ತದೆ,
ಹತ್ತಿರ ಸುಳಿದರೆ ಸಾಕು, ತಾನಾಗೇ ಬಗ್ಗಿ ಕುಡಿಯುತ್ತದೆ.

ಮೈ ಉರಿಯಿತು. ನಗುವೂ ಬಂತು.
ಕೊಡವಿಲ್ಲದೆ ನೀರು ಹೊತ್ತವರು
ದಿನಾ ಬೆಳಗ್ಗೆ ನನ್ನ ಮುಂದೆಯೇ ಹಲ್ಲುಜ್ಜುತ್ತಾರೆ,
ಅವರವರ ಬೋರ್‌ವೆಲ್ಲಿನ ಆಳ ಹೇಳುತ್ತ.

'ಪಾಸ್‌ವರ್ಡ್ ಬದಲಾಯಿಸಲಾ?'
ಏಣಿಯ ಬುಡದಲ್ಲಿ ಮುನೀರಾ, ಕೊಡ ಇಟ್ಟು,
ಫೋನಿನಲ್ಲಿ ಏನೋ ನೋಡಿ ಒಬ್ಬಳೇ ನಗುತ್ತಿದ್ದಳು.
ನಲ್ಲಿಯಲ್ಲಿನ್ನೂ ಬರೀ ಗಾಳಿ.

'ಅದಕ್ಕೆ ಟೋಪಿ ಹಾಕಿ ಇಳಿಯಪ್ಪ' ಅಂದೆ,
'ಮುಂದಿನ ತಿಂಗಳು ನೋಡೋಣ.'